ಒರಟು ಗಾಜಿನ ಜಿಂಕೆ

ಮೊದಲನೆಯದನ್ನು ಕೊಂದದ್ದು ನನ್ನ ಮುದ್ದು.
ನೀಲಿ ಬಟ್ಟಲು, ತಳಕ್ಕೆ ತೂತಿಲ್ಲ,
ಬಾಯಾರಿದೆಯೇನೋ ಎಂದು ದಿನಾ ಎರೆದೆ.
ಹನ್ನೊಂದನೆಯ ದಿನ ಬೇರೆಲ್ಲ ಕಂದು, ಲೋಳೆ,
ಮುಟ್ಟಿದರೆ ಸಿಪ್ಪೆ ಕಳಚಿ
ಒಳಗಿನ ದಾರ ಮಾತ್ರ ಕೈಗೆ.

ತುಯ್ ನಕ್ಕಳು. ಕೆಳಗಿನ ದಿನಸಿ ಅಂಗಡಿಯವಳು,
ಬೆಲೆ ಇಳಿಸಿದರೂ ಹೋಗದ ಆರ್ಕಿಡ್‌ಗಳನ್ನು
ಹೂ ಉದುರಿದ ಮೇಲೆ ನನಗೆ ತಂದು ಕೊಡುವವಳು.
ಹುಟ್ಟಿದ್ದು ಇಲ್ಲೇ, ಕಾಮೆನಿಟ್ಸ್ಕಿ ಶೆನೋವಿನಲ್ಲೇ;
ಹಾಯ್ ಫಾಂಗಿನ ಅವಳಜ್ಜಿ ಇವನ್ನು
ಮರಕ್ಕೆ ಕಟ್ಟಿ ಮರೆತುಬಿಡುತ್ತಿದ್ದಳಂತೆ.
"ಮರೆಯೋದು ಕಲೀಬೇಕು, ಬ್ಲಾಝೆನಾ ಅವರೇ."
ಎಪ್ಪತ್ತಮೂರರವಳಿಗೆ ಈ ಉಪದೇಶ!
ಅದೊಂದು ತಾನಾಗೇ ಬರುತ್ತಿದೆ ಅಂದೆ.

ಅಟ್ಟದಲ್ಲಿ ಗಾಜಿಗೇನು ಬರ.
ಕಾರ್ಖಾನೆ ಮುಚ್ಚಿದ ವಾರ ಸಂಬಳದ ಬದಲು
ಎರಡನೇ ದರ್ಜೆ ಮಾಲನ್ನು ಪೆಟ್ಟಿಗೆಗಟ್ಟಲೆ ಹೊತ್ತು ತಂದಿದ್ದೆವು:
ಜೇನುಬಣ್ಣದವು, ಹೊಗೆಬಣ್ಣದವು, ಸೊಂಟ ಸೊಟ್ಟಗಾದವು.
ಒಂದೊಂದಾಗಿ ಇಳಿಸಿದೆ.
ಹೊಗೆಬಣ್ಣದ್ದರಲ್ಲಿ ಬೇರು ಕಾಣಲೇ ಇಲ್ಲ.
ತಿಳಿಹಸಿರಿನದರ ತಳ ಕೊರೆಯಹೋದೆ,
ನೀರಿನಡಿ, ವಜ್ರದ ಮೊನೆಯಲ್ಲಿ, ಅವಸರವಿಲ್ಲದೆ:
ಟಿಕ್ ಅಂತ ಒಂದೇ ಸದ್ದು, ಎರಡು ಹೋಳು.
ಕಡೆದ ಹರಳುಗಾಜು ನೋಡಲು ಅರಮನೆ;
ಮಾರ್ಚಿನ ಎಳೆಬಿಸಿಲು ಅದರ ಮೂಲೆಯೊಂದರಲ್ಲಿ ಕೂಡಿ,
ಭೂತಗನ್ನಡಿ ಹಿಡಿದು ಹುಲ್ಲು ಸುಡುವ ಹುಡುಗನ ಹಾಗೆ,
ಎಲೆಯ ಮೇಲೆ ನಾಣ್ಯದಗಲ ಸುಟ್ಟಿತು.

ಉಳಿದದ್ದು ಅದೊಂದು.
ಯಾರೊಮೀರ್ ಊದಿದ್ದು, ನಾನು ಕೆತ್ತಿದ್ದು.
ಸಾಸಿವೆಯಷ್ಟು ಗುಳ್ಳೆ ಒಳಗುಳಿದು
ಎಸೆಯಲಿದ್ದ; ತಡಿ ಎಂದು ಕಸಿದುಕೊಂಡು
ಗುಳ್ಳೆಯನ್ನೇ ಕಣ್ಣಾಗಿಸಿ ಸುತ್ತ ಜಿಂಕೆ ಕೊರೆದೆ,
ತಿರುಗುವ ತಾಮ್ರದ ಗಾಲಿಗೆ ಒಡ್ಡಿ, ಆರು ರಾತ್ರಿ.
ಮೈ ಹೊಳಪಿಸು ಎಂದ. ಒಲ್ಲೆ ಎಂದೆ,
ಜಿಂಕೆಗೆ ತುಪ್ಪಳವಿರುತ್ತೆ, ಒರಟಾಗೇ ಇರಲಿ.
ಅರೆಬರೆ ಕೆಲಸ ಎಂದ.
ಊದುವವನಿಗೇನು ಗೊತ್ತು ಎಂದೆ.
ಆ ಚಳಿಗಾಲ ಪೂರ್ತಿ
ನಮ್ಮಿಬ್ಬರ ಸೂಪಿನ ತಟ್ಟೆಗಳ ನಡುವೆ ಜಿಂಕೆ ನಿಂತಿತ್ತು.
ಮೂವತ್ತೊಂದು ವರ್ಷ ಅದರಲ್ಲಿ ಯಾರೂ ಹೂವಿಡಲಿಲ್ಲ.

ತಳಕ್ಕೆ ಸುಟ್ಟ ಜೇಡಿಮಣ್ಣಿನ ಉಂಡೆ, ಎರಡು ಬೆರಳು ನೀರು,
ಮೇಲೆ ಬರೀ ಗಾಳಿ. ಗಿಡ ಇಟ್ಟು ಮರೆತೆ.
ಸುಳ್ಳು. ದಿನಾ ನೋಡಿದೆ,
ಕೈ ಮಾತ್ರ ಬೆನ್ನ ಹಿಂದೆ ಕಟ್ಟಿ.

ಆಗಸ್ಟಿನಲ್ಲಿ ಒಂದು ಬೇರು, ಹಸಿರು ತುದಿ,
ಕತ್ತಲಲ್ಲಿ ದೀಪದ ಗುಂಡಿ ಹುಡುಕುವ ಬೆರಳಿನ ಹಾಗೆ
ಗೋಡೆ ತಡವಿ ಬಂತು.
ಅವನ ನುಣುಪಿನ ಮೇಲೆ ಜಾರಿತು, ಬಿಟ್ಟಿತು.
ನನ್ನ ಗೊರಸು ಸಿಕ್ಕಿತು.
ಹಿಡಿಯಿತು.
ಮಂಡಿ, ಹೊಟ್ಟೆ, ಕತ್ತು,
ಕೊಂಬಿನ ಬುಡದಲ್ಲಿ ಕವಲೊಡೆದು
ಎರಡೂ ಕಡೆ ಹತ್ತಿತು,
ನಾನು ಗೀಚಿದ್ದನ್ನು ಅಕ್ಷರ ಬಿಡದೆ ಓದುತ್ತಾ.

ಕ್ರಿಸ್‌ಮಸ್ ಹೊತ್ತಿಗೆ ಒಳಗೆಲ್ಲ ಬೇರು.
"ಒಡೆದು ತೆಗೀಬೇಕು," ಎಂದಳು ತುಯ್, "ಜಾಗ ಇಲ್ಲ."
ಟವೆಲ್ ಸುತ್ತಿದೆ. ಸುತ್ತಿಗೆ ಯಾರೊಮೀರನ ಪೆಟ್ಟಿಗೆಯಲ್ಲಿತ್ತು,
ಹಿಡಿಕೆಯಲ್ಲಿ ಅವನ ಹೆಬ್ಬೆರಳಿನ ತಗ್ಗು.
ಅದರೊಳಗೆ ನನ್ನ ಬೆರಳು ಇಟ್ಟುಕೊಂಡು
ಸ್ವಲ್ಪ ಹೊತ್ತು ಕೂತೆ.
ಅಷ್ಟರಲ್ಲಿ ಕಂಡಿತು: ಹೂಜಿಯ ಬಾಯಿಂದಾಚೆ
ಹೊಸ ಬೇರೊಂದು ಯಾರ ಅಪ್ಪಣೆಯೂ ಕೇಳದೆ
ಗಾಳಿಗೆ ಚಾಚಿಕೊಂಡಿತ್ತು.
ಟವೆಲ್ ಒಗೆಯಲು ಹಾಕಿದೆ.

ಫೆಬ್ರವರಿಯಲ್ಲಿ ಹೂ, ಬಿಳಿ, ಏಳು.
ಬಂದವರೆಲ್ಲ ಅತ್ತಲೇ ತಲೆ ಎತ್ತುತ್ತಾರೆ.
ನಾನು ಬಗ್ಗಿ ನೋಡುತ್ತೇನೆ.
ಒಣಗಿದಾಗ ಬೇರೂ ಬೆಳ್ಳಿ, ಜಿಂಕೆಯೂ ಬೆಳ್ಳಿ,
ನನ್ನ ಗೀರು ಎಲ್ಲಿ ಮುಗಿಯಿತೋ ತಿಳಿಯುವುದಿಲ್ಲ.
ನೋಡಿದೆಯಾ ಎನ್ನಲು ಪಕ್ಕಕ್ಕೆ ತಿರುಗಿದೆ,
ಅಭ್ಯಾಸಬಲ.

ಇವತ್ತು ಬುಧವಾರ, ನೀರಿನ ದಿನ.
ಸ್ಪ್ರೇ ಬಾಟಲಿ ಎತ್ತಿ ಎರಡು ಸಲ ಒತ್ತಿದೆ.
ಜಿಂಕೆ ಹಸಿರಾಯಿತು.